ಗೃಹಚಿಂತನ: ಗಾಜಿನ ಕಿಟಕಿಗೊಂದು ಎಚ್ಚರದ ಕಿವಿ

ಕಳೆದ ನಾಲ್ಕಾರು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. "ಹೊಸ ಮನೆ ಕಟ್ಟಿಸಿದ್ದೇವೆ. ಕಿಟಕಿಗಳೆಲ್ಲ ದೊಡ್ಡ ದೊಡ್ಡ ಗಾಜಿನವು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ನಾವಿಬ್ಬರೇ. ಗಾಜು ಒಡೆದೊಡನೆ ಕೂಗಿಕೊಳ್ಳುವ ಯಂತ್ರವೊಂದಿದೆಯಂತೆ. ಅದನ್ನು ನಂಬಬಹುದೇ?" ಎಂಬುದು ಆ ಪ್ರಶ್ನೆಯ ಸಾರ. ಇನ್ನೊಬ್ಬ ಹಿರಿಯ ಓದುಗರು ಬೇರೊಂದು ಮಾತನ್ನು ಎತ್ತಿದ್ದಾರೆ: "ಶರಣರ ಮನೆಗಳಿಗೆ ಬಾಗಿಲೇ ಇರಲಿಲ್ಲವೆನ್ನುತ್ತೇವೆ. ಈಗ ನಾವು ಕಿಟಕಿಕಿಟಕಿಗೂ ಕಾವಲು ಹಾಕುವುದು ಧರ್ಮಕ್ಕೆ ಒಪ್ಪೀತೇ?" ಈ ಎರಡು ಪ್ರಶ್ನೆಗಳನ್ನೂ ಈ ಸಂಚಿಕೆಯಲ್ಲಿ ಒಟ್ಟಿಗೆ ವಿಚಾರಿಸೋಣ.

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಲೇಸು. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳನ್ನೂ ಬಸವಣ್ಣನವರು ಅವರ ಹಿಂದೆಯೇ ಕಳುಹಿಸಿದರೆಂಬ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿ ಬೆಳೆದವರು. ಆದರೆ ಅದೇ ಪರಂಪರೆ ಇನ್ನೊಂದು ಕಥೆಯನ್ನೂ ಹೇಳುತ್ತದೆ. ಬಿಜ್ಜಳನ ಭಂಡಾರದ ಹಣವನ್ನು ಜಂಗಮರಿಗೆ ಸುರಿದನೆಂಬ ದೂರು ಬಂದಾಗ, ಭಂಡಾರವನ್ನು ತೆರೆದು ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ತನ್ನದನ್ನು ಬಿಟ್ಟುಕೊಡುವುದು ಔದಾರ್ಯ. ತನ್ನ ವಶಕ್ಕೆ ಒಪ್ಪಿಸಿದ್ದನ್ನು ಜೋಪಾನವಾಗಿ ಕಾಯುವುದು ಕಾಯಕ. ಒಂದು ಕಾರಣಕ್ಕೆ ಇನ್ನೊಂದನ್ನು ಬಿಡುವಂತಿಲ್ಲ.

ಗೃಹಸ್ಥನ ಮನೆಯಲ್ಲಿರುವ ಎಲ್ಲವೂ ಗೃಹಸ್ಥನದಲ್ಲ. ಸೊಸೆಯ ತವರಿನ ಬಂಗಾರವಿರುತ್ತದೆ. ಮೊಮ್ಮಗಳ ಕಾಲೇಜಿಗೆಂದು ತೆಗೆದಿಟ್ಟ ಹಣವಿರುತ್ತದೆ. ಅಡಿಕೆ ಮಾರಿದ ದುಡ್ಡು ಬ್ಯಾಂಕಿಗೆ ಹೋಗುವ ಮುನ್ನ ಒಂದು ರಾತ್ರಿಯಾದರೂ ಬೀರುವಿನಲ್ಲಿರುತ್ತದೆ. ಊರಿನವರು ನಂಬಿ ಕೊಟ್ಟ ದಾಸೋಹದ ಹಣವಿರುತ್ತದೆ. ಲಿಂಗೈಕ್ಯರಾದ ಹಿರಿಯರ ಬೆಳ್ಳಿಯ ಕರಡಿಗೆಯನ್ನು ತೂಕದ ಲೆಕ್ಕದಲ್ಲಿ ಅಳೆಯುವವನು ಕಳ್ಳನೊಬ್ಬನೇ. ಇವೆಲ್ಲಕ್ಕಿಂತ ಮಿಗಿಲಾಗಿ ಆ ಮನೆಯಲ್ಲಿ ವಯಸ್ಸಾದ ಎರಡು ಜೀವಗಳಿರುತ್ತವೆ. ಅವುಗಳ ರಕ್ಷಣೆಗೆ ಎಚ್ಚರ ವಹಿಸುವುದರಲ್ಲಿ ಧರ್ಮಕ್ಕೆ ವಿರುದ್ಧವಾದುದು ಏನೂ ಇಲ್ಲ. ಎಚ್ಚರ ವಹಿಸಿದ್ದೇವೆಂಬ ಭ್ರಮೆಯಲ್ಲಿ ಮಲಗುವುದೇ ಅಪಾಯಕರ. ಈ ಲೇಖನದ ತಿರುಳೂ ಅದೇ ಆಗಿದೆ.

ಅಂತರಘಟ್ಟೆಯ ಒಂದು ಮನೆ

ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯೆಂದರೆ ನಮ್ಮ ಸೀಮೆಯ ಜನಕ್ಕೆ ದುರ್ಗಾಂಬಾ ದೇವಿಯ ಜಾತ್ರೆಯೇ ಮೊದಲು ನೆನಪಾಗುತ್ತದೆ. ಫೆಬ್ರವರಿ ತಿಂಗಳ ಸುಮಾರಿಗೆ ನಡೆಯುವ ಈ ಜಾತ್ರೆಗೆ ಕಡೂರು, ತರೀಕೆರೆ, ಭದ್ರಾವತಿ ಕಡೆಗಳಿಂದ ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಜನ ಬರುತ್ತಾರೆ. ಸುತ್ತಿನ ಹಳ್ಳಿಗಳ ಮನೆಗಳು ಅಂದು ನೆಂಟರಿಂದ ತುಂಬಿ, ದೇವಿಯ ದರ್ಶನದ ಹೊತ್ತಿಗೆ ಒಮ್ಮೆಲೇ ಬರಿದಾಗುತ್ತವೆ. ಬೀದಿಯಲ್ಲಿ ಗುರುತಿಲ್ಲದ ಮುಖಗಳು ಎಷ್ಟೇ ಓಡಾಡಿದರೂ ಯಾರೂ ಸಂಶಯಪಡುವುದಿಲ್ಲ. ವಾದ್ಯದ ಸದ್ದಿನಲ್ಲಿ ಒಂದು ಗಾಜು ಒಡೆದರೆ ಪಕ್ಕದ ಮನೆಗೂ ಕೇಳುವುದಿಲ್ಲ.

ಆ ಊರಿನ ನಮ್ಮ ಪರಿಚಯದ ಮನೆಯೊಂದಕ್ಕೆ ನಾವು ಕಳೆದ ವರ್ಷ ಹೋಗಿದ್ದೆವು. ಎಪ್ಪತ್ತು ದಾಟಿದ ಯಜಮಾನರು, ಅವರ ಧರ್ಮಪತ್ನಿ, ಇಬ್ಬರೇ ಇರುವ ಮನೆ. ಪಕ್ಕದಲ್ಲಿ ತಾತಂದಿರ ಕಾಲದ ಹೆಂಚಿನ ಮನೆ ಇನ್ನೂ ನಿಂತಿದೆ. ಅದರ ಕಿಟಕಿಗಳು ಮೊಳದಗಲದವು. ಹೆಬ್ಬೆರಳು ದಪ್ಪದ ಕಬ್ಬಿಣದ ಸರಳು, ಒಳಗಡೆ ಮರದ ಬಾಗಿಲು. ಅಲ್ಲಿ ಗಾಜಿನ ಪ್ರಶ್ನೆಯೇ ಇರಲಿಲ್ಲ. ಮಗ ಕಟ್ಟಿಸಿಕೊಟ್ಟ ಹೊಸ ಮನೆಯಲ್ಲಿ ಹಜಾರಕ್ಕೆ ಆರಡಿ ಅಗಲದ ಸರಿಯುವ ಗಾಜಿನ ಕಿಟಕಿಗಳು. ತೋಟದ ನೋಟ ಕೆಡುತ್ತದೆಂದು ಅವುಗಳಿಗೆ ಸರಳು ಹಾಕಿಸಿರಲಿಲ್ಲ. ಅದರ ಬದಲಿಗೆ ಮೂರು ವರ್ಷಗಳ ಹಿಂದೆ ಪಟ್ಟಣದಿಂದ ಬಂದವರು ಹಜಾರದ ಗೋಡೆಗೆ ಗಾಜು ಒಡೆತವನ್ನು ಅರಿಯುವ ಸೆನ್ಸರ್ ಒಂದನ್ನು ಜೋಡಿಸಿ ಹೋಗಿದ್ದರು.

ಯಜಮಾನರು ಪ್ರತಿ ರಾತ್ರಿ ಆ ಯಂತ್ರದ ಪುಟ್ಟ ಕೆಂಪು ದೀಪವನ್ನು ನೋಡಿಯೇ ಮಲಗಲು ಹೋಗುತ್ತಾರೆ. "ಅದಕ್ಕೆ ಕಿವಿ ಕೇಳಿಸುತ್ತದೆಯೇ ಎಂದು ಎಂದಾದರೂ ಪರೀಕ್ಷಿಸಿದ್ದೀರಾ?" ಎಂದು ನಾವು ಕೇಳಿದೆವು. "ದೀಪ ಉರಿಯುತ್ತಿದೆಯಲ್ಲಾ ಸ್ವಾಮಿ" ಎಂದರು. ಅವರ ಪತ್ನಿ ಮಾತ್ರ ಆ ದೀಪವನ್ನು ನಂಬಿದವರಲ್ಲ. ಯಂತ್ರ ಬಂದ ಮೇಲೂ ಜಾತ್ರೆಯ ದಿನ ಮನೆ ಕಾಯಲು ಉಳಿಯುತ್ತಿದ್ದವರು ಅವರೇ. ಹುಟ್ಟಿದೂರಿನಿಂದ ನೆಂಟರು ಗಾಡಿ ಕಟ್ಟಿಕೊಂಡು ಬರುತ್ತಾರೆ, ಊಟ ಮಾಡಿ ದೇವಿಯ ದರ್ಶನಕ್ಕೆ ಹೊರಡುತ್ತಾರೆ. ಈ ತಾಯಿ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಕಾವಲಿನ ಕೆಲಸ ಯಾರೂ ಹೇಳದೆಯೇ ಹೆಂಗಸರ ಪಾಲಿಗೆ ಬಂದಿರುವುದನ್ನು ಓದುಗರು ಬಲ್ಲರು.

ಯಂತ್ರ ಕೇಳುವುದು ಏನನ್ನು?

ಮುಂದಿನ ವಿಷಯ ತಿಳಿಯಬೇಕಾದರೆ ಈ ಸಾಧನದ ಮರ್ಮವನ್ನು ಸ್ವಲ್ಪ ಅರಿತಿರಬೇಕು. ಮನೆಗೆ ವಿದ್ಯುತ್ತಿನ ಕಾವಲು ಹೊಸತೇನಲ್ಲ. ಅಮೆರಿಕದ ಬಾಸ್ಟನ್ ನಗರದ ಬಳಿಯ ಸಾಮರ್‌ವಿಲ್‌ನ ಅಗಸ್ಟಸ್ ರಸೆಲ್ ಪೋಪ್ ಎಂಬವರು, ಬಾಗಿಲು ಕಿಟಕಿಗಳು ತೆರೆದರೆ ಗಂಟೆ ಬಾರಿಸುವ ವಿದ್ಯುತ್ ಏರ್ಪಾಟಿಗೆ ೧೮೫೩ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ೧೮೫೭ರಲ್ಲಿ ಎಡ್ವಿನ್ ಹೋಮ್ಸ್ ಎಂಬವರು ಆ ಹಕ್ಕನ್ನು ಕೊಂಡು ಅದನ್ನೊಂದು ಉದ್ಯಮವಾಗಿ ಬೆಳೆಸಿದರು. ಮುಂದೆ ಅಂಗಡಿಗಳ ಗಾಜಿನ ಅಂಚಿಗೆ ತೆಳುವಾದ ಲೋಹದ ಪಟ್ಟಿಯನ್ನು ಅಂಟಿಸುವ ರೂಢಿ ಬಂದಿತು. ಗಾಜು ಬಿರಿದರೆ ಪಟ್ಟಿ ಹರಿಯುತ್ತದೆ, ವಿದ್ಯುತ್ತು ನಿಲ್ಲುತ್ತದೆ, ಗಂಟೆ ಬಾರಿಸುತ್ತದೆ. ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಬಗೆ. ಒಂದು, ಗಾಜಿಗೇ ಅಂಟಿಕೊಂಡು ಅದರ ನಡುಕವನ್ನು ಅರಿಯುವಂಥದು. ಇದು ಒಂದೊಂದು ಗಾಜಿಗೆ ಒಂದೊಂದು ಬೇಕು. ಇನ್ನೊಂದು, ಕೋಣೆಯಲ್ಲಿ ಎದುರಿಗಿದ್ದು ಗಾಜೊಡೆಯುವ ಸದ್ದನ್ನು ಆಲಿಸುವಂಥದು. ಇದೊಂದೇ ಕೋಣೆಯ ಹಲವು ಕಿಟಕಿಗಳನ್ನು ಕಾಯಬಲ್ಲದು. ಅಂತರಘಟ್ಟೆಯ ಮನೆಯಲ್ಲಿದ್ದುದು ಈ ಎರಡನೆಯ ಬಗೆಯದು.

ಗಾಜು ಒಡೆಯುವಾಗ ಒಂದರ ಹಿಂದೊಂದರಂತೆ ಎರಡು ಸದ್ದುಗಳು ಹುಟ್ಟುತ್ತವೆ. ಪೆಟ್ಟು ಬಿದ್ದೊಡನೆ ಗಾಜು ಒಳಕ್ಕೆ ಬಾಗುತ್ತದೆ. ಆಗ ಹೊರಡುವುದು 'ಧಡ್' ಎಂಬ ತಗ್ಗುಸ್ಥಾಯಿಯ ಸದ್ದು. ಬಾಗುವ ಮಿತಿ ಮೀರಿ ಗಾಜು ಚೂರಾಗುವಾಗ 'ಛಳ್' ಎಂಬ ಏರುಸ್ಥಾಯಿಯ ಸದ್ದು. ಇವೆರಡರ ನಡುವಿನ ಅಂತರ ಕಣ್ಣೆವೆ ಮಿಟುಕುವುದಕ್ಕಿಂತಲೂ ಕಡಿಮೆ. ಒಳ್ಳೆಯ ಸೆನ್ಸರ್ ಈ ಎರಡು ಸದ್ದುಗಳೂ, ಅದೇ ಅನುಕ್ರಮದಲ್ಲಿ, ಅಷ್ಟೇ ಅಂತರದಲ್ಲಿ ಬಂದರೆ ಮಾತ್ರ ಕೂಗುತ್ತದೆ. ಬಾಗಿಲು ಬಡಿದುಕೊಂಡರೆ 'ಧಡ್' ಮಾತ್ರ ಇದೆ, 'ಛಳ್' ಇಲ್ಲ. ಅಡುಗೆಮನೆಯಲ್ಲಿ ಲೋಟ ಬಿದ್ದರೆ 'ಛಳ್' ಇದೆ, ಅದಕ್ಕೆ ಮುಂಚಿನ 'ಧಡ್' ಇಲ್ಲ. ಆದ್ದರಿಂದ ಅವುಗಳಿಗೆ ಅದು ಸಾಮಾನ್ಯವಾಗಿ ಮೋಸಹೋಗುವುದಿಲ್ಲ.

ಚಲನೆಯನ್ನು ಗುರುತಿಸುವ ಇನ್ನೊಂದು ಬಗೆಯ ಸೆನ್ಸರ್‌ಗಿಂತ ಇದಕ್ಕೊಂದು ಅನುಕೂಲವುಂಟು. ಅದನ್ನು ಹಜಾರದಲ್ಲಿ ಹಚ್ಚಿಟ್ಟರೆ ರಾತ್ರಿ ನೀರು ಕುಡಿಯಲು ಎದ್ದ ಅಜ್ಜಿಯನ್ನೂ ಅದು ಕಳ್ಳಿಯೆಂದು ಕೂಗುತ್ತದೆ; ಮತ್ತು ಕಳ್ಳ ಒಳಗೆ ಬಂದ ಮೇಲಷ್ಟೇ ಕೂಗುತ್ತದೆ. ಗಾಜಿನ ಸದ್ದು ಕೇಳುವ ಯಂತ್ರ ಮನೆಯವರು ಓಡಾಡುತ್ತಿದ್ದರೂ ಸುಮ್ಮನಿರುತ್ತದೆ. ಕಳ್ಳ ಇನ್ನೂ ಹೊರಗಿರುವಾಗಲೇ ಎಚ್ಚರಿಸುತ್ತದೆ. ಒಂಟಿ ವೃದ್ಧರಿರುವ ಮನೆಗೆ ಇದೊಂದು ದೊಡ್ಡ ಗುಣ.

ಎಲ್ಲಿ ಜೋಡಿಸಬೇಕು?

ಕಾಯಬೇಕಾದ ಕಿಟಕಿಗೆ ಎದುರಾದ ಗೋಡೆ ಅಥವಾ ತಾರಸಿಯ ಒಳಮೈ ಇದಕ್ಕೆ ಉತ್ತಮವಾದ ಜಾಗ. ಯಂತ್ರಕ್ಕೂ ಗಾಜಿಗೂ ನಡುವೆ ಕಂಬ, ಬೀರು, ಗೋಡೆಯ ಮೂಲೆ ಅಡ್ಡ ಬರಬಾರದು. ಒಂದು ಕೋಣೆಯ ಸೆನ್ಸರ್ ಪಕ್ಕದ ಕೋಣೆಯ ಗಾಜನ್ನು ಕೇಳುತ್ತದೆಂದು ಭಾವಿಸಲಾಗದು. ದೂರದ ಮಿತಿ ಬಹಳಷ್ಟು ಯಂತ್ರಗಳಿಗೆ ಸುಮಾರು ೨೫ ಅಡಿ, ಎಂದರೆ ಏಳೂವರೆ ಮೀಟರ್. ದಪ್ಪ ಬಟ್ಟೆಯ ಪರದೆ ಈ ದೂರವನ್ನು ಬಹಳವಾಗಿ ತಗ್ಗಿಸುತ್ತದೆ, ಏಕೆಂದರೆ 'ಛಳ್' ಎಂಬ ಏರುದನಿಯನ್ನು ಬಟ್ಟೆ ನುಂಗುತ್ತದೆ. ಅಂತಹ ಕಡೆ ಯಂತ್ರವನ್ನು ಕಿಟಕಿಗೆ ಸಮೀಪವಾಗಿ ತಾರಸಿಗೆ ಹಾಕಬೇಕು, ಇಲ್ಲವೇ ಪರದೆಯ ಹಿಂಭಾಗಕ್ಕೇ ತರಬೇಕು. ಟಿ.ವಿ., ಸ್ಪೀಕರ್, ನೀರಿನ ತೊಟ್ಟಿ, ಸದಾ ಬಡಿದುಕೊಳ್ಳುವ ಬಾಗಿಲು ಇವುಗಳಿಂದ ನಾಲ್ಕಾರು ಅಡಿಯಾದರೂ ದೂರವಿರಲಿ. ಅಡುಗೆಮನೆಯಲ್ಲಿ ಬೇಡವೇ ಬೇಡ. ಪೂಜಾಕೋಣೆಯ ಬಾಗಿಲಿಗೆ ಹತ್ತಿರವೂ ಬೇಡ. ಗಂಟೆಯ ನಾದ ಅದರ ಕಿವಿಯನ್ನು ಕೆಣಕಬಲ್ಲದು.

ಗಾಜಿನ ಜಾತಿಯನ್ನೂ ವಿಚಾರಿಸಿಕೊಳ್ಳಬೇಕು. ಸಾಧಾರಣ ಗಾಜು ಉದ್ದುದ್ದ ಚೂರಾಗುತ್ತದೆ. ಟಫನ್ಡ್ ಗಾಜು ಕಲ್ಲುಸಕ್ಕರೆಯಂತೆ ಸಣ್ಣ ಹರಳುಗಳಾಗಿ ಉದುರುತ್ತದೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಕೂಡಿಸಿದ ಲ್ಯಾಮಿನೇಟೆಡ್ ಗಾಜು ಬಿರಿದರೂ ಉದುರದೆ ಅಂಟಿಕೊಂಡೇ ಇರುತ್ತದೆ. ಪ್ರತಿಯೊಂದರ ಸದ್ದೂ ಬೇರೆ. ಯಾವ ಯಂತ್ರ ಯಾವ ಗಾಜಿಗೆ, ಎಷ್ಟು ದಪ್ಪಕ್ಕೆ ಎಂಬುದು ಅದರೊಡನೆ ಬರುವ ಕೈಪಿಡಿಯಲ್ಲಿರುತ್ತದೆ. ಒಂದಡಿಗಿಂತ ಚಿಕ್ಕದಾದ ಗಾಜಿನ ತುಂಡುಗಳಿಗೆ ಅನೇಕ ಯಂತ್ರಗಳು ಭರವಸೆ ಕೊಡುವುದಿಲ್ಲ. ಜೋಡಿಸುವವರು ಆ ಕೈಪಿಡಿಯನ್ನು ನಿಮ್ಮ ಕೈಗೆ ಕೊಟ್ಟೇ ಹೋಗಬೇಕೆಂದು ಪಟ್ಟು ಹಿಡಿಯಿರಿ.

ತಂತಿಯ ಮೂಲಕ ಜೋಡಿಸುವ ಸೆನ್ಸರ್‌ಗೆ ಕಂಟ್ರೋಲ್ ಪೆಟ್ಟಿಗೆಯಿಂದ ೧೨ ವೋಲ್ಟ್ ವಿದ್ಯುತ್ತು ಬರುತ್ತದೆ. ತಂತಿಯನ್ನು ಯಾರಾದರೂ ಕತ್ತರಿಸಿದರೂ ಪೆಟ್ಟಿಗೆಗೆ ತಿಳಿಯುವ ಹಾಗೆ ಮಂಡಲವನ್ನು ಮುಚ್ಚಿ ಕಟ್ಟುವುದು ಕ್ರಮ. ಕರೆಂಟು ಹೋದಾಗ ಪೆಟ್ಟಿಗೆಯೊಳಗಿನ ಬ್ಯಾಟರಿ ಎಲ್ಲವನ್ನೂ ನಡೆಸಬೇಕು. ಸಾಮಾನ್ಯವಾಗಿ ಇರುವುದು ೧೨ ವೋಲ್ಟಿನ ೭ ಆಂಪಿಯರ್-ಗಂಟೆಯ ಬ್ಯಾಟರಿ. ಪೆಟ್ಟಿಗೆ ಮತ್ತು ಸೆನ್ಸರ್‌ಗಳು ಸೇರಿ ೨೦೦ ಮಿಲಿ ಆಂಪಿಯರ್ ಎಳೆದರೆ ಲೆಕ್ಕಕ್ಕೆ ೩೫ ಗಂಟೆ ಬಾಳಬೇಕು. ಆದರೆ ಬ್ಯಾಟರಿ ಹಳೆಯದಾದಷ್ಟೂ ಈ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ. ತಂತಿಯಿಲ್ಲದ ಬಗೆಯಾದರೆ ಪ್ರತಿ ಸೆನ್ಸರ್‌ನಲ್ಲೂ ತನ್ನದೇ ಚಿಕ್ಕ ಬ್ಯಾಟರಿಯಿರುತ್ತದೆ; ಅದನ್ನು ಬದಲಿಸಿದ ತಾರೀಖನ್ನು ಗೋಡೆಯ ಪಂಚಾಂಗದಲ್ಲಿಯೇ ಬರೆದಿಡುವುದು ಒಳ್ಳೆಯದು.

ಪರೀಕ್ಷೆಯ ದಿನ

ಅಂತರಘಟ್ಟೆಯ ಮನೆಗೆ ಮರಳೋಣ. ನಮ್ಮ ಮಾತಿನ ಮೇಲೆ ಮಗನು ಬೆಂಗಳೂರಿನಿಂದ ಒಬ್ಬ ನುರಿತ ಕೆಲಸಗಾರರನ್ನು ಕರೆತಂದನು. ಅಕ್ಕಪಕ್ಕದವರಿಗೆ ಮುಂಚಿತವಾಗಿ ತಿಳಿಸಿದ್ದಾಯಿತು. ಗಾಜನ್ನು ನಿಜವಾಗಿ ಒಡೆದು ನೋಡುವ ಅಗತ್ಯವಿಲ್ಲ. ಗಾಜೊಡೆಯುವ ಸದ್ದನ್ನು ಹೊರಡಿಸುವ, ಕೈಯಲ್ಲಿ ಹಿಡಿಯುವ ಟೆಸ್ಟರ್ ಒಂದುಂಟು. ಅದು ಸೆನ್ಸರ್ ತಯಾರಿಸಿದವರದೇ ಆಗಿರಬೇಕು, ಅಥವಾ ಅವರು ಒಪ್ಪಿದ್ದಾಗಿರಬೇಕು. ಸೆನ್ಸರ್ ಅನ್ನು ಪರೀಕ್ಷಾ ಸ್ಥಿತಿಗೆ ತಂದು, ಅತಿ ದೂರದ ಕಿಟಕಿಯ ಅತಿ ದೂರದ ಮೂಲೆಯಲ್ಲಿ, ಪರದೆಯ ಹಿಂದೆ, ಗಾಜಿನ ಪಕ್ಕ ಟೆಸ್ಟರ್ ಹಿಡಿಯುತ್ತಾರೆ. ಕೆಲವು ಟೆಸ್ಟರ್‌ಗಳಲ್ಲಿ ಗಾಜನ್ನು ಮೆತ್ತನೆಯ ಸಾಧನದಿಂದ ತಟ್ಟಿದರೆ, ಆ 'ಧಡ್' ಸದ್ದಿನ ಬೆನ್ನಿಗೆ ಯಂತ್ರವೇ 'ಛಳ್' ಸದ್ದನ್ನು ಕೂಡಿಸುತ್ತದೆ. ಕೈಚಪ್ಪಾಳೆ ತಟ್ಟಿ ದೀಪ ಮಿನುಗಿದ್ದನ್ನು ನೋಡಿ ತೃಪ್ತರಾಗುವವರುಂಟು. ಚಪ್ಪಾಳೆಯಿಂದ ಯಂತ್ರಕ್ಕೆ ಕಿವಿಯಿದೆಯೆಂದು ತಿಳಿಯುತ್ತದೆಯೇ ಹೊರತು, ಗಾಜಿನ ಸದ್ದನ್ನು ಅದು ಗುರುತಿಸುತ್ತದೆಂದು ತಿಳಿಯುವುದಿಲ್ಲ.

ಹತ್ತಿರದ ಕಿಟಕಿಗೆ ಯಂತ್ರ ಒಡನೆಯೇ ಸ್ಪಂದಿಸಿತು. ಯಜಮಾನರ ಮುಖ ಅರಳಿತು. ದೂರದ ಕಿಟಕಿಗೆ ಪರದೆ ಸರಿಸಿದ್ದಾಗ ಕೇಳಿಸಿತು; ಪರದೆ ಎಳೆದಾಗ ಕೇಳಿಸಲಿಲ್ಲ. ರಾತ್ರಿಯ ಹೊತ್ತು ಆ ಪರದೆ ಎಳೆದೇ ಇರುತ್ತದೆ. ಊಟದ ಜಾಗದ ಕಿಟಕಿ ಗೋಡೆಯ ತಿರುವಿನಾಚೆ ಇದ್ದುದರಿಂದ ಅದರ ಸದ್ದು ಒಮ್ಮೆಯೂ ಮುಟ್ಟಲಿಲ್ಲ. ತೋಟದ ಕಡೆಗೆ ತೆರೆದುಕೊಳ್ಳುವ, ಹೊರಗಿನವರ ಕಣ್ಣಿಗೆ ಬೀಳದ ಕಿಟಕಿಯೂ ಅದೇ.

ಅನಂತರ ಮುಖ್ಯ ಸ್ವಿಚ್ಚನ್ನು ಆರಿಸಿದರು. ಐದು ನಿಮಿಷ ಕಳೆಯುವುದರೊಳಗೆ ಕೆಂಪು ದೀಪ ಮಂಕಾಯಿತು, ಆರಿತು. ಬ್ಯಾಟರಿ ಎಂದೋ ಸತ್ತುಹೋಗಿತ್ತು. ಕರೆಂಟು ಇರುವಷ್ಟು ಹೊತ್ತು ದೀಪ ಉರಿಯುತ್ತಿದ್ದುದರಿಂದ ಯಾರಿಗೂ ಅದರ ಸುಳಿವಿರಲಿಲ್ಲ. ಹಳ್ಳಿಯ ಕಡೆ ಮಳೆಗಾಲದಲ್ಲಿ ಕರೆಂಟು ಹೋಗದ ರಾತ್ರಿಗಳೆಷ್ಟು? ಅಂತಹ ಪ್ರತಿಯೊಂದು ರಾತ್ರಿಯೂ ಈ ಮನೆಗೆ ಕಾವಲಿರಲಿಲ್ಲ. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಪತ್ನಿ, "ಅದಕ್ಕೇ ನಾನು ಮನೆ ಬಿಟ್ಟು ಹೋಗುತ್ತಿರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಮಾಡಿದ ತಿದ್ದುಪಡಿಗಳು ದುಬಾರಿಯವೇನಲ್ಲ. ಹಜಾರದ ಸೆನ್ಸರ್ ಗೋಡೆಯಿಂದ ತಾರಸಿಗೆ, ಎರಡು ಕಿಟಕಿಗಳ ನಡುವಿಗೆ ಬಂದಿತು. ಊಟದ ಜಾಗಕ್ಕೆ ಬೇರೊಂದನ್ನು ಹಾಕಿದರು. ಬ್ಯಾಟರಿ ಹೊಸದಾಯಿತು. ದಪ್ಪ ಪರದೆಗೆ ಬದಲಾಗಿ ತೆಳು ಪರದೆ ಬಂದಿತು. ಮತ್ತೆ ಪರೀಕ್ಷೆ ನಡೆಯಿತು, ಈ ಸಲ ಮನೆ ರಾತ್ರಿ ಇರುವ ಸ್ಥಿತಿಯಲ್ಲಿಯೇ: ಪರದೆ ಎಳೆದು, ಫ್ಯಾನು ತಿರುಗಿಸಿ, ಟಿ.ವಿ. ಹಚ್ಚಿ. ಮೂರೂ ಕಿಟಕಿಗಳು ಕೇಳಿಸಿದವು.

ಆಮೇಲೆ ತಿರುಗುಮುರುಗಿನ ಪರೀಕ್ಷೆ. ಕೂಗಬಾರದ ಸದ್ದಿಗೆ ಯಂತ್ರ ಕೂಗುವುದಿಲ್ಲವೆಂಬುದೂ ಖಚಿತವಾಗಬೇಕಷ್ಟೆ. ಮಿಕ್ಸಿ ತಿರುಗಿಸಿದರು, ಕುಕ್ಕರ್ ಕೂಗಿಸಿದರು, ಸ್ಟೀಲ್ ತಟ್ಟೆ ಬೀಳಿಸಿದರು, ಬಾಗಿಲು ಬಡಿದರು; ಆ ತಾಯಿಯೇ ಪೂಜೆಯ ಗಂಟೆಯನ್ನು ಬಾರಿಸಿದರು. ದೀಪ ಒಂದೆರಡು ಸಲ ಮಿನುಗಿತು, ಕೂಗಲಿಲ್ಲ. ಈ ಭಾಗವನ್ನು ಅಲಕ್ಷಿಸುವವರೇ ಹೆಚ್ಚು. ಸುಳ್ಳು ಕೂಗು ನಾಲ್ಕು ಸಲ ಕೇಳಿದ ನೆರೆಯವರು ಐದನೆಯ ನಿಜವಾದ ಕೂಗಿಗೆ ಮಗ್ಗುಲು ಬದಲಿಸಿ ಮಲಗುತ್ತಾರೆ. ಮನೆಯವರೂ ಬೇಸತ್ತು ಯಂತ್ರವನ್ನೇ ಆರಿಸಿಡುತ್ತಾರೆ.

ಕೊನೆಯದಾಗಿ ಯಂತ್ರವನ್ನು ಪರೀಕ್ಷಾ ಸ್ಥಿತಿಯಿಂದ ಹೊರತಂದು, ನಿಜವಾದ ಕಾವಲಿಗೆ ಹಚ್ಚಿ, ಸೈರನ್ ಮೊಳಗಿಸಿ ನೋಡಿದೆವು. ಹಜಾರದೊಳಗಿದ್ದ ಸೈರನ್ ನಮ್ಮ ಕಿವಿ ಗಡಚಿಕ್ಕಿತು. ಆದರೆ ಎದುರುಮನೆಯಲ್ಲಿ ಕಿಟಕಿ ಮುಚ್ಚಿ ಕುಳಿತಿದ್ದವರಿಗೆ ಏನೂ ಕೇಳಿಸಿರಲಿಲ್ಲ! ಅದನ್ನು ಹೊರಗೆ ಸೂರಿನಡಿಗೆ, ಕೈಗೆ ಎಟುಕದ ಎತ್ತರಕ್ಕೆ ಸಾಗಿಸಬೇಕಾಯಿತು. ಮಗನ ಮೊಬೈಲಿಗೆ ಕರೆ ಹೋಗುವ ಏರ್ಪಾಟೂ ಇತ್ತು. ಆದರೆ ಬೆಂಗಳೂರಿನ ಮಗ ಕರೆ ಬಂದೊಡನೆ ಅಂತರಘಟ್ಟೆಗೆ ಹಾರಿಬರಲಾರನು. ಆದ್ದರಿಂದ ಕರೆಯ ಪಟ್ಟಿಯಲ್ಲಿ ಮೊದಲ ಹೆಸರು ಎದುರುಮನೆಯವರದಾಯಿತು, ಎರಡನೆಯದು ಮಗನದು.

ಯಂತ್ರಕ್ಕೆ ಕೇಳಿಸದ ಸಂಗತಿಗಳು

ಇಷ್ಟೆಲ್ಲ ಮಾಡಿದ ಮೇಲೂ ಈ ಸಾಧನಕ್ಕೆ ಗಾಜು ಒಡೆಯುವುದೊಂದೇ ಗೊತ್ತು. ಕಿಟಕಿಯ ಚಿಲಕ ಹಾಕಲು ಮರೆತಿದ್ದರೆ, ಕಳ್ಳ ಅದನ್ನು ಮೆಲ್ಲನೆ ಸರಿಸಿ ಒಳಬರುತ್ತಾನೆ, ಸದ್ದಿಲ್ಲ, ಕೂಗಿಲ್ಲ. ಹೆಂಚಿನ ಮನೆಯಾದರೆ ಹೆಂಚು ತೆಗೆದು ಇಳಿಯುತ್ತಾನೆ. ಅಂಗಳದಲ್ಲಿ ಒಣಗಿಸಿದ ಅಡಿಕೆಗೆ ಗಾಜೂ ಇಲ್ಲ, ಸೆನ್ಸರೂ ಇಲ್ಲ.

ನಮ್ಮ ನೆರೆಯ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ೨೦೨೪ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಳ್ಳರು ನುಗ್ಗಿದ್ದು ಮುಂಬಾಗಿಲಿನಿಂದಲ್ಲ, ಕಿಟಕಿಯ ಕಬ್ಬಿಣವನ್ನು ತೆಗೆದು. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು, ಜನ ಅಡವಿಟ್ಟಿದ್ದ ಸುಮಾರು ೧೭.೭ ಕಿಲೋ ಬಂಗಾರವನ್ನು ಹೊತ್ತೊಯ್ದರು. ಕ್ಯಾಮೆರಾದ ದೃಶ್ಯಗಳನ್ನು ಹಿಡಿದಿಟ್ಟಿದ್ದ ಪೆಟ್ಟಿಗೆಯನ್ನೂ ಬಿಡಲಿಲ್ಲ. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, ೨೦೨೫ರ ಮಾರ್ಚ್ ಹೊತ್ತಿಗೆ ಪ್ರಕರಣವನ್ನು ಭೇದಿಸಿ, ತಮಿಳುನಾಡಿನ ಬಾವಿಯೊಂದರಲ್ಲಿ ಅಡಗಿಸಿದ್ದ ಬಂಗಾರವನ್ನು ವಶಪಡಿಸಿಕೊಂಡರು. ಬ್ಯಾಂಕಿನ ಗತಿಯೇ ಹೀಗಾದರೆ ನಮ್ಮ ಗತಿಯೇನೆಂದು ಎದೆಗುಂದಬೇಕಿಲ್ಲ. ಇದರಿಂದ ಕಲಿಯಬೇಕಾದುದು ಎರಡು ಸಂಗತಿ: ಕಿಟಕಿಯೇ ಮನೆಯ ಮೆದುಭಾಗ, ಮತ್ತು ಒಂದೇ ಬಗೆಯ ಕಾವಲನ್ನು ನೆಚ್ಚಬಾರದು.

ಆದುದರಿಂದ ಖರ್ಚಿನ ಕ್ರಮವನ್ನೂ ಹೇಳಿಬಿಡುತ್ತೇವೆ. ಮೊದಲು ಗಟ್ಟಿಯಾದ ಸರಳು ಮತ್ತು ಚಿಲಕ. ಮಲಗುವ ಕೋಣೆಯಲ್ಲಿ ಮಾತ್ರ ಒಂದು ಕಿಟಕಿಯ ಸರಳನ್ನು ಒಳಗಿನಿಂದ ಬೀಗ ತೆಗೆದು ತೆರೆಯುವಂತೆ ಮಾಡಿಸಿರಿ. ಬೆಂಕಿ ಹತ್ತಿದಾಗ ಹೊರಬರಲು ದಾರಿ ಬೇಕು. ಅನಂತರ ಅಂಗಳಕ್ಕೆ ದೀಪ. ಆಮೇಲೆ ಬಾಗಿಲು ಕಿಟಕಿಗಳು ತೆರೆದುದನ್ನು ತಿಳಿಸುವ ಅಯಸ್ಕಾಂತದ ಸ್ವಿಚ್ಚು. ಅದರ ಜೊತೆಗೆ ಗಾಜಿನ ಸೆನ್ಸರ್. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು, "ಅಲ್ಲಿ ಕಿಟಕಿಗೆ ಸರಳೇ ಇಲ್ಲ, ಯಂತ್ರವೊಂದೇ ಕಾಯುತ್ತದೆ" ಎಂದು ಬೆರಗಿನಿಂದ ಹೇಳುತ್ತಾರೆ. ಅಲ್ಲಿ ಯಂತ್ರದ ಕೂಗಿನ ಹಿಂದೆ ಅದನ್ನು ಹಗಲಿರುಳೂ ಆಲಿಸುವ ಸಂಸ್ಥೆಗಳಿವೆ. ನಮ್ಮ ಹಳ್ಳಿಯಲ್ಲಿ ಆ ಕೂಗಿನ ಹಿಂದೆ ಇರುವವರು ಯಾರು ಎಂಬುದನ್ನು ನಾವೇ ನಿಶ್ಚಯಿಸಿಕೊಳ್ಳಬೇಕು.

ನೆರೆಮನೆಯೇ ಕೊನೆಯ ಕಾವಲು

ಯಂತ್ರ ಕಳ್ಳನನ್ನು ಹಿಡಿಯುವುದಿಲ್ಲ. ಯಾರನ್ನಾದರೂ ಎಬ್ಬಿಸುತ್ತದೆ, ಅಷ್ಟೇ. ಎದ್ದವರು ನಮ್ಮವರೆಂದು ಓಡಿಬಂದರೆ ಮಾತ್ರ ಅದರ ಬೆಲೆ ಸಂದೀತು. ವರ್ಷವಿಡೀ ಬೇಲಿಯ ತಕರಾರಿನಲ್ಲಿ ಮಾತುಬಿಟ್ಟ ನೆರೆಮನೆಗೆ ಸೈರನ್ನಿನ ಸದ್ದು ಮುಟ್ಟಿದರೂ ಮುಟ್ಟದಂತೆಯೇ. ಕೂಗು ಕೇಳಿದವರು ಏನು ಮಾಡಬೇಕೆಂಬುದೂ ಮೊದಲೇ ಮಾತಾಗಿರಲಿ: ಒಬ್ಬೊಬ್ಬರೇ ಕತ್ತಲೆಗೆ ನುಗ್ಗಬಾರದು, ದೀಪ ಹಚ್ಚಿ ಗಟ್ಟಿಯಾಗಿ ಕೂಗಬೇಕು, ೧೧೨ಕ್ಕೆ ಕರೆ ಮಾಡಬೇಕು. ಮನೆಯೊಳಗಿನ ವೃದ್ಧರು ಕೋಣೆಯ ಚಿಲಕ ಹಾಕಿಕೊಂಡು ಒಳಗೇ ಇರಬೇಕು. ಬಂಗಾರವನ್ನು ಉಳಿಸಲು ಜೀವವನ್ನು ಒಡ್ಡುವುದು ಬೇಡ. ನಾಲ್ಕು ದಿನ ಊರು ಬಿಡುವಂತಿದ್ದರೆ ಹತ್ತಿರದ ಠಾಣೆಗೂ ತಿಳಿಸಿ ಹೋಗುವುದು ವಿವೇಕ.

ಅಂತರಘಟ್ಟೆಯ ಆ ಬೀದಿಯವರು ಈಗ ಜಾತ್ರೆಯ ದಿನಕ್ಕೊಂದು ಪಾಳಿ ಮಾಡಿಕೊಂಡಿದ್ದಾರೆ. ಪ್ರತಿ ಮನೆಯಿಂದ ಒಬ್ಬ ತರುಣ, ಎರಡೆರಡು ಗಂಟೆ, ಬೀದಿಯ ತುದಿಯ ಕಟ್ಟೆಯ ಮೇಲೆ. ವಾದ್ಯದ ಸದ್ದಿನಲ್ಲಿ ಸೈರನ್ ಕೇಳದೆ ಹೋದೀತೆಂಬ ಅಳುಕಿಗೆ ಅದೇ ಮದ್ದು. ಜಾತ್ರೆಗೆ ಒಂದು ವಾರ ಮುಂಚೆ ಮಗ ಬಂದು ಮೂರೂ ಕಿಟಕಿಗಳನ್ನು ಟೆಸ್ಟರ್ ಹಿಡಿದು ಪರೀಕ್ಷಿಸಿ, ಕರೆಂಟು ಆರಿಸಿ ಬ್ಯಾಟರಿಯನ್ನೂ ನೋಡಿ ಹೋಗಿದ್ದಾನೆ. ಈ ಸಲದ ಜಾತ್ರೆಯಲ್ಲಿ ಆ ತಾಯಿ ತವರಿನವರ ಗಾಡಿಯಲ್ಲಿ ಕುಳಿತು ದೇವಿಯ ದರ್ಶನಕ್ಕೆ ಹೋಗಿಬಂದರೆಂದು ಯಜಮಾನರು ಪತ್ರ ಬರೆದಿದ್ದಾರೆ.

ಓದುಗ ಬಂಧುಗಳಿಗೆ ನಮ್ಮ ಸೂಚನೆ ಇಷ್ಟು. ಯಂತ್ರ ಹಾಕಿಸುವ ದಿನ ಪ್ರತಿ ಕಿಟಕಿಯಲ್ಲೂ ಟೆಸ್ಟರ್ ಹಿಡಿಸಿ ನೋಡದೆ ಹಣ ಕೊಡಬೇಡಿರಿ. ಪರೀಕ್ಷೆ ನಡೆಯುವಾಗ ಮನೆ ರಾತ್ರಿಯಲ್ಲಿ ಹೇಗಿರುತ್ತದೋ ಹಾಗೆಯೇ ಇರಲಿ. ತಿಂಗಳಿಗೊಮ್ಮೆ, ಹುಣ್ಣಿಮೆಯೋ ಅಮಾವಾಸ್ಯೆಯೋ ನೆನಪಿಗೆ ಸುಲಭವಾದ ಒಂದು ದಿನ, ಸೈರನ್ ಮತ್ತು ಬ್ಯಾಟರಿಯನ್ನು ನೋಡಿರಿ. ವರ್ಷಕ್ಕೊಮ್ಮೆಯಾದರೂ ಎಲ್ಲ ಗಾಜುಗಳನ್ನೂ ಟೆಸ್ಟರ್‌ನಿಂದ ಪರೀಕ್ಷಿಸಿರಿ. ಪರದೆ, ಸೋಫಾ, ಬೀರು ಬದಲಾದಾಗಲೂ ಹಾಗೆಯೇ ಮಾಡಿರಿ. ಬಂಗಾರವನ್ನು ಕೊಳ್ಳುವಾಗ ಒರೆಗೆ ಹಚ್ಚಿ ನೋಡುವ ನಾವು, ಆ ಬಂಗಾರವನ್ನು ಕಾಯುವುದನ್ನೂ ಒರೆಗೆ ಹಚ್ಚಿ ನೋಡಬೇಡವೇ?

ಮುಂದಿನ ಸಂಚಿಕೆಯಲ್ಲಿ ಅಡುಗೆ ಅನಿಲದ ಸಿಲಿಂಡರ್ ಮತ್ತು ಅದರ ರಬ್ಬರ್ ಕೊಳವೆಯ ಸುರಕ್ಷತೆಯ ಬಗ್ಗೆ ವಿಚಾರ ಮಾಡೋಣ. ಅಲ್ಲಿಯವರೆಗೆ ಎಲ್ಲರಿಗೂ ಶರಣು ಶರಣಾರ್ಥಿಗಳು.